ಅನ್ನದ ಗೌರವ, ಮನೆಯ ಉಳಿತಾಯ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕುಟುಂಬ ಸಮಾವೇಶದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಮನೆಯ ಖರ್ಚು ಮತ್ತು ಆಹಾರದ ಉಳಿತಾಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಕೇಳಿಕೊಂಡಾಗ ನಾನು ಮೊದಲಿಗೆ ಹಿಂಜರಿದೆ. ನೂರು ವರ್ಷಗಳ ಹಬ್ಬದಲ್ಲಿ ಚರಿತ್ರೆಯನ್ನೂ ಧರ್ಮವನ್ನೂ ಬಲ್ಲ ಮಹನೀಯರು ಮಾತನಾಡುವ ವೇದಿಕೆಯ ಮೇಲೆ ಜೋಳ, ಬೇಳೆ, ಉಳ್ಳಾಗಡ್ಡಿಗಳ ಮಾತಿಗೆ ಎಲ್ಲಿಯ ಸ್ಥಾನ ಎಂದು ನನಗೆ ತೋರಿತು. ಆಮೇಲೆ ಯೋಚಿಸಿದಾಗ ಬೇರೊಂದು ವಿಚಾರ ಹೊಳೆಯಿತು. ಈ ದೇವಾಲಯದ ಗೋಡೆಗಳನ್ನು ಎತ್ತಿದವರು ಶ್ರೀಮಂತರಲ್ಲ. ಕೂಲಿ ಮಾಡಿದವರು, ಒಕ್ಕಲುತನ ಮಾಡಿದವರು, ಸಣ್ಣ ನೌಕರಿಯಲ್ಲಿದ್ದವರು ತಮ್ಮ ತಮ್ಮ ಕಾಣಿಕೆಯನ್ನು ತಂದಿತ್ತರು. ಆ ಒಂದೊಂದು ರೂಪಾಯಿಯೂ ಮೊದಲು ಉಳಿದದ್ದು ಎಲ್ಲಿ? ನಮ್ಮ ಅಜ್ಜಿಯರ ಒಲೆಯ ಮುಂದೆ. ಆದುದರಿಂದ ಅಡುಗೆಮನೆಯ ಮಾತು ಈ ಶತಮಾನದ ಕಥೆಗೆ ಹೊರಗಿನದಲ್ಲ ಎಂದು ಧೈರ್ಯ ತಂದುಕೊಂಡು ನಿಮ್ಮ ಮುಂದೆ ನಿಂತಿದ್ದೇನೆ.

ನೂರು ವರ್ಷಗಳ ಹಿಂದೆ ಈ ನಾಡು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ತುಂಗಭದ್ರೆಗೆ ಅಣೆಕಟ್ಟು ಇರಲಿಲ್ಲ, ಕಾಲುವೆ ಇರಲಿಲ್ಲ. ಮಳೆ ಬಂದರೆ ಬೆಳೆ, ಇಲ್ಲವಾದರೆ ಬರ. 1876ರಿಂದ 1878ರವರೆಗಿನ ಘೋರ ಕ್ಷಾಮವನ್ನು ಜನ ಧಾತು ಸಂವತ್ಸರದ ಬರವೆಂದು ಬಹುಕಾಲ ನೆನೆಯುತ್ತಿದ್ದರು. ಅಂತಹ ಕಾಲವನ್ನು ಕಂಡವರ ಮಕ್ಕಳು ಧಾನ್ಯವನ್ನು ಕಾಪಾಡುವ ವಿದ್ಯೆಯನ್ನು ಬಲ್ಲವರಾಗಿದ್ದರು. ನೆಲದಲ್ಲಿ ಹಗೇವು ತೋಡಿ, ಒಳಗೆ ಹುಲ್ಲು ಹಾಸಿ, ಒಣಗಿದ ಜೋಳವನ್ನು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಗುಂಡಿಯಲ್ಲಿ ಹುಳುಗಳಿಗೆ ಉಸಿರಾಡಲು ಆಸ್ಪದವಿಲ್ಲದೆ ಧಾನ್ಯ ವರ್ಷಗಟ್ಟಲೆ ಉಳಿಯುತ್ತಿತ್ತು. ಹಗೇವನ್ನು ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯುತ್ತಿದ್ದರು. ಈ ವಿದ್ಯೆಯನ್ನು ಅವರಿಗೆ ಯಾವ ಕಾಲೇಜೂ ಕಲಿಸಲಿಲ್ಲ, ಹಸಿವು ಕಲಿಸಿತು.

ನಾನು ಚಿಕ್ಕವಳಿದ್ದಾಗ 1972-73ರ ಬರಗಾಲ ಬಂತು. ನಮ್ಮ ಮನೆಯಲ್ಲಿ ತಾಯಿ ರೊಟ್ಟಿಯನ್ನು ಎಣಿಸಿ ಬಡಿಯುತ್ತಿದ್ದಳು, ಎಣಿಸಿ ಬಡಿಸುತ್ತಿದ್ದಳು. ಹಿಟ್ಟು ಸಾಣಿಸಿದ ಮೇಲೆ ಉಳಿದ ನುಚ್ಚು ಪುಂಡಿಪಲ್ಯಕ್ಕೆ ಹೋಗುತ್ತಿತ್ತು. ತೌಡು ಎಮ್ಮೆಗೆ ಹೋಗುತ್ತಿತ್ತು. ತಟ್ಟೆಯಲ್ಲಿ ಒಂದು ಚೂರು ಬಿಟ್ಟು ಎದ್ದರೆ ಆಕೆ ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಆ ನೋಟಕ್ಕೆ ನಾವು ಮತ್ತೆ ಕುಳಿತು ಉಣ್ಣುತ್ತಿದ್ದೆವು.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಸೋನಾಮಸೂರಿ ಅಕ್ಕಿ ಅಲ್ಲಿಂದ ದೂರದೂರದ ಊರುಗಳಿಗೆ ಹೋಗುತ್ತದೆ. ಆದರೆ ಕುಷ್ಟಗಿ ಯಲಬುರ್ಗಾಗಳ ಬಹುಪಾಲು ಹೊಲ ಇಂದಿಗೂ ಮುಗಿಲನ್ನೇ ನೋಡುತ್ತದೆ. ಅಲ್ಲಿಯ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಗುಳೆ ಹೋಗುವುದನ್ನು ನಾವೆಲ್ಲ ಬಲ್ಲೆವು. ಹೀಗೆ ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಅನ್ನ ರಾಶಿಯಾಗಿದೆ, ಇನ್ನೊಂದು ಕಡೆ ಅನ್ನಕ್ಕಾಗಿ ಊರು ಬಿಡಬೇಕಾಗಿದೆ. ಈ ಎರಡು ಚಿತ್ರಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡು ನನ್ನ ಮುಂದಿನ ಮಾತುಗಳನ್ನು ಕೇಳಬೇಕೆಂದು ಬೇಡುತ್ತೇನೆ.

ಈಗ ಸ್ವಲ್ಪ ಲೆಕ್ಕ. ಭಾರತ ಸರ್ಕಾರದ 2023-24ರ ಕುಟುಂಬ ವೆಚ್ಚದ ಸಮೀಕ್ಷೆಯ ಪ್ರಕಾರ ಹಳ್ಳಿಯ ಕುಟುಂಬದ ಖರ್ಚಿನಲ್ಲಿ ಶೇಕಡಾ 47ರಷ್ಟು, ಪಟ್ಟಣದ ಕುಟುಂಬದ ಖರ್ಚಿನಲ್ಲಿ ಶೇಕಡಾ 40ರಷ್ಟು ಆಹಾರಕ್ಕೆ ಹೋಗುತ್ತದೆ. ಅಂದರೆ ಖರ್ಚು ಮಾಡಿದ ಎರಡು ರೂಪಾಯಿಯಲ್ಲಿ ಹೆಚ್ಚುಕಡಿಮೆ ಒಂದು ರೂಪಾಯಿ ಹೊಟ್ಟೆಗೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, 2022ರ ಒಂದೇ ವರ್ಷ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತೆಂದೂ, ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳಲ್ಲಿಯೇ ಹಾಳಾಯಿತೆಂದೂ ಹೇಳಿದೆ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅಂದಾಜು. ಇದರಲ್ಲಿ ಸಿಪ್ಪೆ, ಎಲುಬು ಮೊದಲಾದ ತಿನ್ನಲಾಗದ ಭಾಗವೂ ಸೇರಿದೆ, ನಿಜ. ಆದರೂ ಐದು ಜನರ ಮನೆಗೆ 275 ಕಿಲೋ ಎಂದರೆ ಅದು ಸಣ್ಣ ಮೊತ್ತವಲ್ಲ.

ಅಷ್ಟು ದೊಡ್ಡ ಅಂಕಿಗಳು ಬೇಡವೆಂದರೆ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಮನೆಯಲ್ಲಿ ದಿನಕ್ಕೆ ಒಂದು ಹಿಡಿ, ಎಂದರೆ 50 ಗ್ರಾಂ ಅಕ್ಕಿಯ ಅನ್ನ ಚೆಲ್ಲಿಹೋಗುತ್ತದೆ ಎನ್ನೋಣ. ವರ್ಷಕ್ಕೆ ಅದು 18 ಕಿಲೋ ದಾಟುತ್ತದೆ. ಒಂದು ಕಿಲೋ ಅಕ್ಕಿ ಬೆಳೆಯಲು ಜಗತ್ತಿನ ಸರಾಸರಿಯಲ್ಲಿ ಸುಮಾರು 2500 ಲೀಟರ್ ನೀರು ಬೇಕೆಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ಆ ಮನೆಯವರು ಅಕ್ಕಿಯೊಡನೆ 45 ಸಾವಿರ ಲೀಟರ್ ನೀರನ್ನೂ ಚೆಲ್ಲಿದಂತಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನಾವೆಲ್ಲ ಎಷ್ಟು ಗಾಬರಿಗೊಂಡೆವು! ನೀರು ಹೊಳೆಗೆ ಹರಿದುಹೋಗುವುದನ್ನು ಕಂಡು ಕಣ್ಣೀರು ಹಾಕಿದ ರೈತರಿದ್ದರು. ನಮ್ಮ ಬಚ್ಚಲಿನ ಗೇಟು ದಿನವೂ ತೆರೆದೇ ಇದೆ. ಅದನ್ನು ಕಂಡು ಯಾರೂ ಗಾಬರಿಗೊಳ್ಳುವುದಿಲ್ಲ.

ಬೇರೆಯವರ ತಪ್ಪನ್ನು ಎತ್ತಿ ತೋರಿಸಲು ನಾನು ಇಲ್ಲಿಗೆ ಬಂದಿಲ್ಲ. ನನ್ನ ತಪ್ಪನ್ನೇ ನಿಮ್ಮ ಮುಂದೆ ಇಡುತ್ತೇನೆ. ನನ್ನ ಮಗಳ ಮದುವೆ ಏಪ್ರಿಲ್ ತಿಂಗಳಲ್ಲಿ ನಡೆಯಿತು. ಐದುನೂರು ಜನಕ್ಕೆ ಅಡುಗೆ ಮಾಡಿಸಿದ್ದೆವು. ಸಂಜೆ ಬಿರುಗಾಳಿ ಸಹಿತ ಮಳೆ ಬಂದು, ಹಳ್ಳಿಗಳಿಂದ ಬರಬೇಕಾದವರು ಬರಲಾಗಲಿಲ್ಲ. ಎರಡು ದೊಡ್ಡ ಪಾತ್ರೆ ಅನ್ನ ಹಾಗೆಯೇ ಉಳಿಯಿತು. ಊರ ಹೊರಗೆ ತಗಡಿನ ಗುಡಿಸಲುಗಳಲ್ಲಿ ಕಟ್ಟಡ ಕೆಲಸಕ್ಕೆಂದು ಬಂದ ಕೂಲಿಯ ಕುಟುಂಬಗಳಿದ್ದವು. ಈಗಲೇ ಅವರಿಗೆ ಕೊಟ್ಟುಬಿಡೋಣವೆಂದು ನನ್ನ ತಮ್ಮ ಹೇಳಿದ. ನಾನು ಒಪ್ಪಲಿಲ್ಲ. "ತಡವಾಗಿ ನಾಲ್ಕು ಜನ ಬಂದರೆ ಏನು ಮಾಡುವುದು? ಅನ್ನ ಕಡಿಮೆ ಬಿದ್ದರೆ ಮರ್ಯಾದೆ ಹೋಗುತ್ತದೆ" ಎಂದೆ. ಪಾತ್ರೆಗಳಿಗೆ ಮುಚ್ಚಳ ಮುಚ್ಚಿ ಮಲಗಿದೆವು. ಯಾರೂ ಬರಲಿಲ್ಲ. ಬೆಳಿಗ್ಗೆ ಎದ್ದು, ದೊಡ್ಡ ದಾನ ಮಾಡುವವರಂತೆ, ಅದೇ ಅನ್ನವನ್ನು ಗುಡಿಸಲುಗಳಿಗೆ ಕಳಿಸಿದೆವು.

ಮಧ್ಯಾಹ್ನದ ಹೊತ್ತಿಗೆ ಮೂರು ಮಕ್ಕಳಿಗೆ ವಾಂತಿ ಬೇಧಿ ಹತ್ತಿತು. ಆಸ್ಪತ್ರೆಗೆ ಓಡಿದೆವು. ದೇವರ ದಯೆಯಿಂದ ಎರಡು ದಿನಗಳಲ್ಲಿ ಮಕ್ಕಳು ಗುಣವಾದರು. ಆ ಮಕ್ಕಳಲ್ಲೊಬ್ಬನ ತಾಯಿ ನನ್ನನ್ನು ಬೈಯಲಿಲ್ಲ. "ಅಕ್ಕೋರ, ರಾತ್ರೀನ ಕೊಟ್ಟಿದ್ರ ಕೂಸು ಹೊಟ್ಟಿ ತುಂಬ ಉಣ್ತಿತ್ತು" ಎಂದಳು. ಆಕೆಯ ಮಕ್ಕಳು ಆ ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದ್ದರೆಂಬುದು ನನಗೆ ಆಗಲೇ ತಿಳಿದದ್ದು. ಬೆಂದ ಅನ್ನ ಸೆಕೆಯಲ್ಲಿ ಗಂಟೆಗಟ್ಟಲೆ ಕುಳಿತರೆ ಅದರಲ್ಲಿ ವಿಷ ಹುಟ್ಟುತ್ತದೆಂದೂ, ಮತ್ತೆ ಬಿಸಿಮಾಡಿದರೂ ಅದು ಹೋಗುವುದಿಲ್ಲವೆಂದೂ ವೈದ್ಯರು ತಿಳಿಸಿದರು. ಆದರೆ ನಾನು ಕಲಿತ ದೊಡ್ಡ ಪಾಠ ಅದಲ್ಲ. ಅನ್ನ ಕೆಟ್ಟದ್ದು ಬೆಳಿಗ್ಗೆಯಲ್ಲ; "ಮರ್ಯಾದೆ ಹೋಗುತ್ತದೆ" ಎಂದು ನಾನು ಆಡಿದ ಕ್ಷಣದಲ್ಲಿಯೇ ಅದು ಕೆಟ್ಟಿತ್ತು.

ನಮ್ಮ ಮನೆಗಳಲ್ಲಿ ಆಹಾರ ಹಾಳಾಗುವುದು ಬಹುಮಟ್ಟಿಗೆ ಸೋಮಾರಿತನದಿಂದಲ್ಲ, ಈ ಅಂಜಿಕೆಯಿಂದ. ನೆಂಟರು ಏನೆಂದಾರು, ನೆರೆಯವರು ಏನೆಂದಾರು ಎಂಬ ಅಂಜಿಕೆಯಿಂದ ಹೆಚ್ಚು ಕೊಳ್ಳುತ್ತೇವೆ, ಹೆಚ್ಚು ಬೇಯಿಸುತ್ತೇವೆ, ಹೆಚ್ಚು ಬಡಿಸುತ್ತೇವೆ. ಹೀಗೆ ಕೊಂಡದ್ದು ಎಷ್ಟೋ ವೇಳೆ ಉದ್ರಿಯಲ್ಲಿ. ಚೆಲ್ಲಿದ ಅನ್ನಕ್ಕೂ ಅಂಗಡಿಯವನ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಸಾಲ ಉಳಿದಿರುತ್ತದೆ ಎಂಬುದನ್ನು ಮರೆಯಲಾಗದು.

ಹಾಗಾದರೆ ಏನು ಮಾಡಬೇಕು? ನನ್ನ ಅನುಭವಕ್ಕೆ ಬಂದ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು, ಕೊಳ್ಳುವ ಮುನ್ನ ಡಬ್ಬಿಗಳನ್ನು ನೋಡುವುದು. ಸಂತೆಗೆ ಹೊರಡುವ ಮುನ್ನ ಮನೆಯಲ್ಲಿ ಏನಿದೆ, ಏನು ಮುಗಿದಿದೆ ಎಂದು ಚೀಟಿ ಬರೆಯಿರಿ. ಹಸಿದ ಹೊಟ್ಟೆಯಲ್ಲಿ ಸಂತೆಗೆ ಹೋಗಬೇಡಿ. ಹಸಿವೆಯೇ ಕೈಚೀಲ ತುಂಬಿಸುತ್ತದೆ. "ಒಂದು ಕೊಂಡರೆ ಒಂದು ಉಚಿತ" ಎಂಬ ಬರಹ ಕಂಡಾಗ, ಎರಡನೆಯದು ನಮಗೆ ಬೇಕೇ ಎಂದು ಕೇಳಿಕೊಳ್ಳಿ. ಬೇಡದ ವಸ್ತು ಬಿಟ್ಟಿಯಾಗಿ ಬಂದರೂ ತುಟ್ಟಿಯೇ.

ಎರಡನೆಯದು, ಸುಗ್ಗಿಯ ಕಾಲದಲ್ಲಿ ಕೊಳ್ಳುವುದು. ಶೇಂಗಾ ದೀಪಾವಳಿಯ ಆಸುಪಾಸಿನಲ್ಲಿ, ತೊಗರಿ ಕ್ರಿಸ್ಮಸ್ ಕಳೆದ ಮೇಲೆ, ಹಿಂಗಾರಿ ಜೋಳ, ಒಣಮೆಣಸಿನಕಾಯಿ, ಹುಣಸೆಹಣ್ಣು ತಪಸ್ಸುಕಾಲದ ಹೊತ್ತಿಗೆ ಪೇಟೆಗೆ ಬರುತ್ತವೆ. ಹೊಸ ಮಾಲು ಬಂದಾಗ ಸಾಮಾನ್ಯವಾಗಿ ಬೆಲೆ ಇಳಿದಿರುತ್ತದೆ. ಇಡೀ ಚೀಲ ಕೊಳ್ಳುವ ಶಕ್ತಿ ಒಂದು ಮನೆಗೆ ಇರಲಿಕ್ಕಿಲ್ಲ. ನಾಲ್ಕೈದು ಮನೆಗಳವರು ಕೂಡಿ ಒಂದು ಚೀಲ ತಂದು ಹಂಚಿಕೊಳ್ಳಬಹುದು. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನಿಮಗೆ ನೆನಪಿರಬೇಕು. ಅಗ್ಗವಿದ್ದಾಗ ಹೋಳು ಮಾಡಿ ನಮ್ಮ ಬಿಸಿಲಿನಲ್ಲಿ ಒಣಗಿಸಿಟ್ಟವರ ಮನೆಯಲ್ಲಿ ಆಗಲೂ ಸಾರಿಗೆ ಹುಳಿ ಇತ್ತು. ಹುಣಸೆಹಣ್ಣು ಇರುವ ನಾಡಿನಲ್ಲಿ ಟೊಮೆಟೊ ಇಲ್ಲದೆ ಸಾರು ಆಗದೆಂಬುದೂ ಹೊಸ ಕಾಲದ ಭ್ರಮೆಯೇ ಸರಿ.

ಮೂರನೆಯದು, ಕೊಂಡದ್ದನ್ನು ಕಾಪಾಡುವುದು. ಕಾಳುಕಡಿಗಳಿಗೆ ಹುಳು ಬೀಳಲು ತೇವವೇ ಮುಖ್ಯ ಕಾರಣ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಆರಿದ ಮೇಲೆ, ಗಾಳಿಯಾಡದ ಡಬ್ಬಿಯಲ್ಲಿ ತುಂಬಬೇಕು. ಬಿಸಿಯಿರುವಾಗ ತುಂಬಿದರೆ ಒಳಗೇ ಬೆವರುತ್ತದೆ. ಒಣಗಿದ ಬೇವಿನ ಎಲೆ ಹಾಕುವುದು, ತೊಗರಿಬೇಳೆಗೆ ಚೂರು ಔಡಲ ಎಣ್ಣೆ ಸವರುವುದು ನಮ್ಮ ಹಿರಿಯರ ರೂಢಿ. ಅದು ಇಂದಿಗೂ ಕೆಲಸ ಮಾಡುತ್ತದೆ. ಹಳೆಯದು ಮುಗಿಯುವವರೆಗೆ ಹೊಸದನ್ನು ಅದರ ಮೇಲೆ ಸುರಿಯಬಾರದು. ಉಳ್ಳಾಗಡ್ಡಿಯನ್ನೂ ಆಲೂಗಡ್ಡೆಯನ್ನೂ ಒಂದೇ ಬುಟ್ಟಿಯಲ್ಲಿ ಇಡಬಾರದು. ಕೂಡಿಟ್ಟರೆ ಎರಡೂ ಬೇಗ ಕೆಡುತ್ತವೆ. ಕೊತ್ತಂಬರಿ, ಮೆಂತ್ಯದ ಸೊಪ್ಪನ್ನು ತೊಳೆಯದೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೇಕಾದಾಗ ತೊಳೆದರೆ ಹೆಚ್ಚು ದಿನ ಬರುತ್ತದೆ.

ನಾಲ್ಕನೆಯದು, ಅಳೆದು ಬೇಯಿಸುವುದು, ಉಳಿದದ್ದನ್ನು ಗೌರವದಿಂದ ಬಳಸುವುದು. ಈ ವಿಷಯದಲ್ಲಿ ನಮ್ಮ ಖಡಕ್ ರೊಟ್ಟಿಗಿಂತ ದೊಡ್ಡ ಗುರು ಇಲ್ಲ. ಒಲೆಯ ಪಕ್ಕದಲ್ಲಿ ಒಣಗಿಸಿದ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತದೆ. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಯಿದ್ದರೆ ಫ್ರಿಜ್ಜಿನ ಅಗತ್ಯವೇ ಇಲ್ಲದ ಊಟ ಸಿದ್ಧ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ತಾಯಂದಿರು ದಿನಗಳ ಮುಂಚೆಯೇ ರೊಟ್ಟಿ ಬಡಿದು, ಒಣಗಿಸಿ, ಬಂಡಿಗಳಲ್ಲಿ ಕಳಿಸುವುದನ್ನು ನೀವು ಕಂಡಿದ್ದೀರಿ. ಲಕ್ಷಾಂತರ ಜನಕ್ಕೆ ಊಟ ಹಾಕುವ ಆ ಏರ್ಪಾಡಿನ ಬೆನ್ನೆಲುಬು ಕೆಡದೆ ಉಳಿಯುವ ಈ ರೊಟ್ಟಿಯೇ. ನಮ್ಮ ನೆರೆಯವರಿಂದ ಇದನ್ನು ಕಲಿಯಲು ಸಂಕೋಚ ಬೇಡ. ಇನ್ನು ತಂಗಳ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಒಗ್ಗರಣೆ ಕೊಡಬಹುದು. ಉಳಿದ ಚಪಾತಿಯನ್ನು ಪುಡಿಮಾಡಿ ಬೆಲ್ಲ ಬೆರೆಸಿದರೆ ಮಕ್ಕಳು ಓಡಿಬರುತ್ತಾರೆ. ಹೀರೆಕಾಯಿಯ ಸಿಪ್ಪೆಯಿಂದ ಒಳ್ಳೆಯ ಚಟ್ನಿಯಾಗುತ್ತದೆ. ಆಗಲೇ ಮಾಡಿದ ಅನ್ನ ಉಳಿದರೆ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ, ಮರುದಿನವೇ ಚೆನ್ನಾಗಿ ಬಿಸಿಮಾಡಿ ಮುಗಿಸಿ. ಫ್ರಿಜ್ಜಿಲ್ಲದ ಮನೆಯಲ್ಲಿ ಬೇಸಿಗೆಯ ರಾತ್ರಿ ಅನ್ನ ಉಳಿಯದಂತೆ ಬೇಯಿಸುವುದೇ ಜಾಣತನ.

ಐದನೆಯದು, ಯಾವುದನ್ನು ಉಳಿಸಬಾರದು ಎಂಬುದನ್ನು ಅರಿಯುವುದು. ಮಿತವ್ಯಯವೆಂದರೆ ಕೆಟ್ಟದ್ದನ್ನು ತಿನ್ನುವುದಲ್ಲ. ಬೂಷ್ಟು ಹಿಡಿದ ಶೇಂಗಾದಲ್ಲಿ ಹುಟ್ಟುವ ವಿಷ ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಕುದಿಸಿದರೂ ಅದು ಪೂರ್ಣವಾಗಿ ನಾಶವಾಗುವುದಿಲ್ಲ. ಅಂತಹ ಕಾಳನ್ನು ಆರಿಸಿ ಎಸೆಯಿರಿ, ದನಕ್ಕೂ ಹಾಕಬೇಡಿ. ಪೊಟ್ಟಣಗಳ ಮೇಲಿನ ಎರಡು ಬಗೆಯ ದಿನಾಂಕಗಳ ಭೇದವನ್ನು ಮಕ್ಕಳಿಂದ ಓದಿಸಿ ತಿಳಿಯಿರಿ. ಇಂಥ ದಿನದವರೆಗೆ ರುಚಿ ಚೆನ್ನಾಗಿರುತ್ತದೆ ಎಂಬುದು ಒಂದು. ಇಂಥ ದಿನದ ನಂತರ ಬಳಸಲೇಬಾರದು ಎಂಬುದು ಇನ್ನೊಂದು. ಮೊದಲನೆಯದು ದಾಟಿದ ಮಾತ್ರಕ್ಕೆ ಒಳ್ಳೆಯ ಪದಾರ್ಥವನ್ನು ಚೆಲ್ಲಬೇಕಾಗಿಲ್ಲ; ಎರಡನೆಯದು ದಾಟಿದರೆ ಅಗ್ಗವೆಂದು ಕೊಳ್ಳಬಾರದು.

ಆರನೆಯ ಮಾತು ಸ್ವಲ್ಪ ಕಹಿ. 2013ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಯಿತು. ಪಡಿತರದ ಅಕ್ಕಿ ಎಷ್ಟೋ ಬಡ ಮನೆಗಳ ಒಲೆಯನ್ನು ಉರಿಸಿದೆ. ಆದರೆ ಅದೇ ಅಕ್ಕಿಯನ್ನು ಅಗ್ಗಕ್ಕೆ ಮಾರಿ, ಆ ಹಣಕ್ಕೆ ಇನ್ನಷ್ಟು ಸೇರಿಸಿ ಅಂಗಡಿಯಿಂದ ತೆಳ್ಳನೆಯ ಅಕ್ಕಿ ತರುವವರೂ ಉಂಟು. ಕಾನೂನಿನ ದೃಷ್ಟಿಯಿಂದ ಅದು ತಪ್ಪು. ಮನೆಯ ಲೆಕ್ಕದ ದೃಷ್ಟಿಯಿಂದ ನಷ್ಟ. ದಪ್ಪ ಅಕ್ಕಿಯನ್ನು ಉದ್ದಿನೊಡನೆ ನೆನೆಸಿದರೆ ಇಡ್ಲಿ, ದೋಸೆ, ಪಡ್ಡು ಚೆನ್ನಾಗಿ ಆಗುತ್ತವೆ. ತಿನ್ನಲು ಬಾರದ ಅಕ್ಕಿ ಅದಲ್ಲ. ನಮ್ಮ ನಾಲಗೆ ಬದಲಾಗಿದೆ, ಅಷ್ಟೇ.

ಮಹನೀಯರೇ, ಈ ಮಾತುಗಳನ್ನೆಲ್ಲ ತಾಯಂದಿರಿಗೆ ಮಾತ್ರ ಹೇಳಿದೆನೆಂದು ಗಂಡಸರು ಭಾವಿಸಬಾರದು. ಬಿಸಿ ಇಲ್ಲದ ಊಟ ಮುಟ್ಟುವುದಿಲ್ಲ, ನಿನ್ನೆಯ ಪಲ್ಯ ಬೇಡ ಎಂದು ತಟ್ಟೆ ಸರಿಸುವವರು ಯಾರು? ಯಜಮಾನನ ತಟ್ಟೆಯಲ್ಲಿ ಉಳಿದದ್ದನ್ನು ನೋಡಿಯೇ ಮಗ ತನ್ನ ತಟ್ಟೆಯಲ್ಲಿ ಉಳಿಸುತ್ತಾನೆ. ರಾತ್ರಿ ಊಟಕ್ಕೆ ಬರುತ್ತೇನೋ ಇಲ್ಲವೋ ಎಂದು ಸಂಜೆಯೇ ತಿಳಿಸುವ ಒಂದು ಸಣ್ಣ ಮರ್ಯಾದೆಯಿಂದ ಎಷ್ಟು ಅನ್ನ ಉಳಿದೀತೆಂದು ನಿಮ್ಮ ಮನೆಯವರನ್ನು ಕೇಳಿನೋಡಿ.

ಐದು ಸಾವಿರ ಜನರಿಗೆ ಊಟವಿತ್ತ ಪ್ರಭು ಯೇಸುಕ್ರಿಸ್ತರ ಪವಾಡವನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ರೊಟ್ಟಿ ಹೆಚ್ಚಾದದ್ದು ನಮಗೆ ನೆನಪಿರುತ್ತದೆ. ಎಲ್ಲರೂ ಉಂಡಾದ ಮೇಲೆ ಉಳಿದ ಚೂರುಗಳನ್ನು ಕೂಡಿಸಲು ಅವರು ಶಿಷ್ಯರಿಗೆ ಅಪ್ಪಣೆ ಮಾಡಿದ್ದು ಮರೆತುಹೋಗುತ್ತದೆ. ಬೇಕಾದಷ್ಟು ಸೃಷ್ಟಿಸಬಲ್ಲವರು ಚೂರುಗಳನ್ನು ಆರಿಸಿ ಹನ್ನೆರಡು ಬುಟ್ಟಿ ತುಂಬಿಸಿದರೆಂದು ಸಂತ ಯೊವಾನ್ನರು ಬರೆದಿದ್ದಾರೆ. 2013ರ ಜೂನ್ 5ರಂದು ಪೋಪ್ ಫ್ರಾನ್ಸಿಸ್‌ರವರು, ಎಸೆದ ಅನ್ನವು ಬಡವನ ಮೇಜಿನಿಂದ ಕದ್ದ ಅನ್ನಕ್ಕೆ ಸಮಾನವೆಂಬ ಅರ್ಥದ ಮಾತನ್ನು ಆಡಿದರು. ಅದನ್ನು ಓದಿದ ದಿನ ನನಗೆ ತಗಡಿನ ಗುಡಿಸಲುಗಳ ಆ ತಾಯಿಯ ನೆನಪಾಯಿತು.

ಕೊನೆಯದಾಗಿ ಎರಡು ಬಿನ್ನಹಗಳು. ಶತಮಾನೋತ್ಸವದ ಮಹಾಭೋಜನ ಮುಂದಿದೆ. ಪ್ರತಿ ಮನೆಯಿಂದ ಎಷ್ಟು ಜನ ಬರುವರೆಂಬುದನ್ನು ಮುಂಚಿತವಾಗಿ ಬರೆಸೋಣ. ಮಕ್ಕಳಿಗೆ ಸ್ವಲ್ಪ ಬಡಿಸಿ, ಕೇಳಿದರೆ ಮತ್ತೆ ಬಡಿಸೋಣ. ಉಳಿದದ್ದನ್ನು ಯಾರಿಗೆ ತಲುಪಿಸಬೇಕೆಂಬುದನ್ನು ಅಡುಗೆಗೆ ಮೊದಲೇ ಗೊತ್ತುಮಾಡಿ, ಎರಡು ಗಂಟೆಯೊಳಗೆ, ಬಿಸಿಯಿರುವಾಗಲೇ, ಮೊದಲು ಅವರನ್ನು ಕೇಳಿ, ಕೈಮುಗಿದು ಮುಟ್ಟಿಸೋಣ. ಅನ್ನ ತುಸು ಕಡಿಮೆ ಬಿದ್ದರೆ ನಮ್ಮ ಮರ್ಯಾದೆ ಹೋಗುವುದಿಲ್ಲ. ಆ ಮಾತನ್ನು ಈ ವೇದಿಕೆಯಿಂದ ನಾನು ಬರೆದುಕೊಡುತ್ತೇನೆ.

ಎರಡನೆಯದು, ಪ್ರತಿ ಮನೆಯಲ್ಲಿ ಒಂದು ಗಡಿಗೆ ಇಡೋಣ. ಅಡುಗೆಗೆ ಅಕ್ಕಿ ಅಥವಾ ಜೋಳ ತೆಗೆದಾಗ ಅದರಿಂದ ಒಂದು ಹಿಡಿಯನ್ನು ಆ ಗಡಿಗೆಗೆ ಹಾಕೋಣ. ಆಗಲೇ ಹೇಳಿದ ಲೆಕ್ಕದಲ್ಲಿ, ನೂರು ಮನೆಗಳಿಂದ ವರ್ಷಕ್ಕೆ 1825 ಕಿಲೋ, ಎಂದರೆ 25 ಕಿಲೋದ 73 ಚೀಲಗಳಾಗುತ್ತವೆ. ಗುಳೆ ಹೋದವರ ಮನೆಗಳಲ್ಲಿ ಉಳಿದ ಮುದುಕರಿಗೆ, ಜಾತಿ ಮತಗಳನ್ನು ಕೇಳದೆ, ಅದನ್ನು ಮುಟ್ಟಿಸಬಹುದು. ಇದಕ್ಕಾಗಿ ಯಾರೂ ಒಂದು ಪೈಸೆ ಹೆಚ್ಚು ಖರ್ಚು ಮಾಡಬೇಕಾಗಿಲ್ಲ. ಇಂದು ನಾವು ಚೆಲ್ಲುತ್ತಿರುವ ಹಿಡಿಯೇ ಸಾಕು.

ತೆನೆ ತೆನೆ ಕೂಡಿದರೆ ಬಳ್ಳವೆಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಈ ದೇವಾಲಯವೇ ಅದಕ್ಕೆ ಸಾಕ್ಷಿ. ನನ್ನ ಮನೆಯಲ್ಲಿ ಗಡಿಗೆ ಇಟ್ಟಾಗಿದೆ.